ನಾನು ಅಂಟಿಸಿದ ಆಕಾಶ ಕಿತ್ತುಹಾಕಿದರು: ಎಲ್ಲರೂ ಸೇರಿ ಮಾಡುವ ಮೊಸಾಯಿಕ್‌ನಲ್ಲಿ ನಮ್ಮ ಕೈಗೆ ಎಷ್ಟು ಸ್ವಾತಂತ್ರ್ಯ?

ಚೂರುಬಣ್ಣ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಕಥೆ, ಸಹಿಸಿಕೊಳ್ಳಿ.

ಹೋದ ತಿಂಗಳು ಯುರೋಪಿನ ಒಂದು ಸಣ್ಣ ಊರಿಗೆ ಮೊಸಾಯಿಕ್ (ಗೋಡೆಗೆ ಬಣ್ಣದ ಚೂರು ಅಂಟಿಸಿ ಮಾಡುವ ಚಿತ್ರ) ಮಾಡಲು ಹೋಗಿದ್ದೆ. ಶಾಲೆಯೊಂದರ ಹೊರಗೋಡೆ, 18 ಮೀಟರ್ ಉದ್ದ. ಏಳು ದೇಶದ ಹನ್ನೆರಡು ಜನ, ಒಂಬತ್ತು ದಿನ. ವಿಮಾನದ ಖರ್ಚು ನಮ್ಮದು, ಊಟ ಮತ್ತು ಹಾಸಿಗೆ ಅವರದು. ಕಲಾವಿದರು ಬೇಕು ಅಂತ ಹಾಕಿದ್ದ ಕರೆಯಲ್ಲಿ "ಪ್ರತಿ ಕಲಾವಿದರಿಗೂ ತಮ್ಮ ಭಾಗದಲ್ಲಿ ಪೂರ್ತಿ ಸ್ವಾತಂತ್ರ್ಯ" ಅಂತ ಬರೆದಿದ್ದರು. ಅದನ್ನು ನೋಡಿಯೇ ನಾನು ಅರ್ಜಿ ಹಾಕಿದ್ದು.

ಹೋಗಿ ನೋಡಿದರೆ ಸ್ಕೆಚ್ ಆಗಲೇ ಗೋಡೆ ಮೇಲಿತ್ತು. ಮುಖ್ಯ ಕಲಾವಿದೆ ಬರೆದದ್ದು. ಕೆಳಗೆ ನದಿ, ನಡುವೆ ಮಕ್ಕಳು, ಮೇಲೆ ಹಕ್ಕಿಗಳು. ಸರಿ, ಅದಕ್ಕೇನೂ ಬೇಜಾರಿಲ್ಲ. ನನ್ನ ಪಾಲಿಗೆ ಬಂದದ್ದು ಎರಡು ಹಕ್ಕಿಗಳ ನಡುವಿನ ಆಕಾಶ, ಹೆಚ್ಚುಕಡಿಮೆ ಒಂದೂವರೆ ಚದರ ಮೀಟರ್. ಬಣ್ಣ ಅವರೇ ಕೊಟ್ಟರು, ಮೂರು ತರದ ನೀಲಿ. ನಾನು ಚೂರುಗಳನ್ನು ರೆಕ್ಕೆಯ ಸುತ್ತ ಗಾಳಿ ಸುಳಿದ ಹಾಗೆ ಬಳಸಿ ಬಳಸಿ ಕೂರಿಸಿದೆ. ಎರಡು ದಿನ ಹಿಡಿಯಿತು. ಬೆನ್ನು ನೆಟ್ಟಗೆ ಮಾಡಲು ಆಗುತ್ತಿರಲಿಲ್ಲ.

ಎರಡನೇ ದಿನ ಸಂಜೆ ಊಟ ಮುಗಿಸಿ ಬಂದರೆ ಮುಖ್ಯ ಕಲಾವಿದೆ ಕರಣೆ ಹಿಡಿದು ನನ್ನ ಆಕಾಶವನ್ನು ಕೆರೆದು ಬಕೆಟ್ಟಿಗೆ ಹಾಕುತ್ತಿದ್ದಾರೆ! "ಆಕಾಶ ಅಡ್ಡ ಸಾಲಿನಲ್ಲಿ ಬರಬೇಕು, ಪಕ್ಕದವರದ್ದಕ್ಕೆ ಸೇರಬೇಕು" ಅಂದರು, ಅಷ್ಟೇ. ಮಾರನೇ ದಿನದಿಂದ ನನ್ನನ್ನು ಆ ತುದಿಯ ಅಂಚುಪಟ್ಟಿಗೆ ಹಾಕಿದರು. ನಾನು ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ಮಳೆ ಅಂತ ಗೋಡೆಗೆಲ್ಲ ಪ್ಲಾಸ್ಟಿಕ್ ಹೊದಿಸಿದರು. ಚೂರುಗಳ ಸಂದಿಗೆ ಗ್ರೌಟ್ ತುಂಬುವ ಮೊದಲೇ ನನ್ನ ವಿಮಾನ ಇತ್ತು.

ಇನ್ನೊಬ್ಬರ ಚಿತ್ರಕ್ಕೆ ಕೈ ಸೇರಿಸುವಾಗ ನಮ್ಮ ಸ್ವಾತಂತ್ರ್ಯ ಎಲ್ಲಿಗೆ ಮುಗಿಯುತ್ತದೆ? ಇಂಥ ಕೆಲಸಕ್ಕೆ ಹೊರದೇಶಕ್ಕೆ ಹೋದವರು ಯಾರಾದರೂ ಇದ್ದರೆ ಹೇಳಿ. ನಾನೇ ಜಾಸ್ತಿ ಮನಸ್ಸಿಗೆ ಹಚ್ಚಿಕೊಂಡೆನಾ?

ನೀಲಿಹಕ್ಕಿ

ಅಯ್ಯೋ, ಓದಿ ಹೊಟ್ಟೆ ಉರಿಯಿತು. ಹೇಳದೆ ಕೇಳದೆ ಕೀಳುವುದಾ? ನಾನಾಗಿದ್ದರೆ ಆ ಬಕೆಟ್ ಎತ್ತಿಕೊಂಡು ಬರುತ್ತಿದ್ದೆ.

ಗಾರೆಕೈ

ಒಂದು ಪ್ರಶ್ನೆ ಮೇಡಂ. ಯಾವ ಅಂಟು ಬಳಸಿದ್ದರು?

ಅಡ್ಡಗೋಡೆ

ನನ್ನ ಮಾತು ಕಹಿ ಅನ್ನಿಸಬಹುದು. ಸ್ಕೆಚ್ ಅವರದು, ಗೋಡೆ ಅವರದು, ಬಣ್ಣ ಅವರದು. ನಿಮ್ಮದು ಕೈ ಮಾತ್ರ. ಹನ್ನೆರಡು ಜನರೂ ತಮ್ಮ ತಮ್ಮ ಗಾಳಿ ಬೀಸಿದರೆ ಎತ್ತು ಏರಿಗೆ ಎಳೆಯಿತು ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಾಗುತ್ತದೆ. ಪೂರ್ತಿ ಸ್ವಾತಂತ್ರ್ಯ ಬೇಕಾದರೆ ಲಾಸ್ ಏಂಜಲೀಸಿನ ಸೈಮನ್ ರೋಡಿಯಾ ಮಾಡಿದ ಹಾಗೆ ಮಾಡಿ. ಇಟಲಿಯಿಂದ ವಲಸೆ ಹೋದ ಮನುಷ್ಯ. 1921ರಿಂದ 1954ರವರೆಗೆ, 33 ವರ್ಷ, ಒಬ್ಬನೇ ಕೂತು ವಾಟ್ಸ್ ಟವರ್ಸ್ ಅನ್ನುವ ಗೋಪುರಗಳನ್ನು ಕಟ್ಟಿದ. ಒಡೆದ ಟೈಲ್ಸ್, ಬಾಟಲಿ, ಕಪ್ಪೆಚಿಪ್ಪು ಎಲ್ಲ ಅಂಟಿಸಿದ. ಅವನಿಗೆ ಯಾರೂ ಅಡ್ಡ ಸಾಲು ಹಾಕು ಅನ್ನಲಿಲ್ಲ.

ನೀಲಿಹಕ್ಕಿ

ಅಡ್ಡಗೋಡೆ ಸಾರ್, ಕರೆಯಲ್ಲಿ "ಪೂರ್ತಿ ಸ್ವಾತಂತ್ರ್ಯ" ಅಂತ ಬರೆದದ್ದು ಇವರಲ್ಲ, ಅವರು. ಬರೆದು ಕರೆಸಿಕೊಂಡು ಆಮೇಲೆ ಕೈ ಮಾತ್ರ ಅಂದರೆ ಹೇಗೆ? ವಿಮಾನದ ದುಡ್ಡು ಸಹ ಇವರದೇ.

ಅಡ್ಡಗೋಡೆ

ಕರೆಯಲ್ಲಿ ಎಲ್ಲರೂ ಬರೆಯುತ್ತಾರೆ. ಮದುವೆ ಕಾಗದದಲ್ಲಿ ಎಲ್ಲರೂ ಚಿರಂಜೀವಿ, ಸೌಭಾಗ್ಯವತಿ ಅಲ್ವಾ.

ಪುಟ್ಟಕ್ಕ

ನಾನು ಹಳೇ ಮನೆಗಳ ಮೊಸಾಯಿಕ್ ನೆಲದ ವಿಷಯ ಅಂದುಕೊಂಡು ಒಳಗೆ ಬಂದೆ. ಇಲ್ಲಿ ಹಕ್ಕಿ, ಆಕಾಶ, ಜಗಳ ಎಲ್ಲ ಇದೆ. ಬಂದಾಯಿತು, ಕೂತೇ ಹೋಗುತ್ತೇನೆ.

ಹಳೇಸದಸ್ಯ

ಪುಟ್ಟಕ್ಕಾ, ನೀವು ದಾರಿ ತಪ್ಪಿಲ್ಲ. ನಾವು ಮೊಸಾಯಿಕ್ ನೆಲ ಅನ್ನುವುದು ನಿಜವಾಗಿ ಟೆರಾಝೊ. ಕಲ್ಲಿನ ಚೂರು ಸಿಮೆಂಟಿಗೆ ಹಾಕಿ ಉಜ್ಜಿ ಹೊಳಪು ಬರಿಸುವುದು. ಅದನ್ನು ಯುರೋಪಿನ ತುಂಬ ಹರಡಿದವರು ಇಟಲಿಯ ಈಶಾನ್ಯದ ವೆನಿಸ್, ಫ್ರಿಯುಲಿ ಕಡೆಯ ಕೆಲಸಗಾರರು. ಚಿತ್ರದ ಮೊಸಾಯಿಕ್ ಮಾಡುತ್ತಿದ್ದವರೂ ಅದೇ ಕಡೆಯವರೇ. ಅಲ್ಲಿನ ಸ್ಪಿಲಿಂಬೆರ್ಗೊ ಊರಿನಲ್ಲಿ 1922ರಲ್ಲಿ ಶುರುವಾದ ಮೊಸಾಯಿಕ್ ಶಾಲೆ ಇವತ್ತಿಗೂ ನಡೆಯುತ್ತಿದೆ.

ಚೂರುಬಣ್ಣ ಅವರ ಪ್ರಶ್ನೆಗೂ ಇದಕ್ಕೂ ನಂಟಿದೆ. ಇಟಲಿಯ ರವೆನ್ನಾದ ಸಾನ್ ವಿತಾಲೆ ಚರ್ಚ್ ನೋಡಿ, 547ರಲ್ಲಿ ಉದ್ಘಾಟನೆ ಆದದ್ದು. ಅಲ್ಲಿ ಚೂರುಗಳನ್ನು ನೇರವಾಗಿ ಹಸಿ ಗಾರೆಗೆ ಒತ್ತಿದ್ದಾರೆ. ಒಂದೊಂದು ಚೂರೂ ಒಂದೊಂದು ಕಡೆಗೆ ಸ್ವಲ್ಪ ವಾಲಿರುತ್ತದೆ. ಬೆಳಕು ಬಿದ್ದರೆ ಗೋಡೆಯೇ ಮಿನುಗುತ್ತದೆ. ಆ ವಾಲು ಕೂರಿಸುವವನ ಕೈಯದು. ಸ್ಕೆಚ್ ಬರೆದವನಿಗೆ ಅದು ಸಿಗುವುದಿಲ್ಲ.

19ನೇ ಶತಮಾನದಲ್ಲಿ ಫ್ರಿಯುಲಿಯವನೇ ಆದ ಜಾನ್ ದೊಮೆನಿಕೊ ಫಕ್ಕೀನಾ ಇನ್ನೊಂದು ವಿಧಾನವನ್ನು ದೊಡ್ಡ ಮಟ್ಟಕ್ಕೆ ತಂದ. ಕಾರ್ಖಾನೆಯಲ್ಲಿ ಕೂತು ಚೂರುಗಳನ್ನು ಕಾಗದಕ್ಕೆ ತಲೆಕೆಳಗಾಗಿ ಅಂಟಿಸುವುದು, ಹಾಳೆ ಹಾಳೆಯಾಗಿ ಸಾಗಿಸುವುದು, ಗೋಡೆಗೆ ಒತ್ತಿ ಕಾಗದವನ್ನು ತೊಳೆದು ತೆಗೆಯುವುದು. 1875ರಲ್ಲಿ ತೆರೆದ ಪ್ಯಾರಿಸ್ಸಿನ ಒಪೆರಾ ಕಟ್ಟಡದ ಮೊಸಾಯಿಕ್ ಅವನು ಹಾಗೇ ಮಾಡಿದ್ದು. ಬೇಗ ಆಗುತ್ತದೆ, ಖರ್ಚು ಕಮ್ಮಿ. ಆದರೆ ಮುಖ ಸಪಾಟಾಗಿ ಬರುತ್ತದೆ. ಅಂಟಿಸುವವನಿಗೆ ತಾನು ಏನು ಮಾಡುತ್ತಿದ್ದೇನೆ ಅಂತ ಕೊನೆಯವರೆಗೂ ಕಾಣುವುದೇ ಇಲ್ಲ. ಕೈ ಬೇರೆ, ತಲೆ ಬೇರೆ ಆದದ್ದು ಅಲ್ಲಿಂದ ಅನ್ನುವುದು ನನ್ನ ಲೆಕ್ಕ.

ಮೂರನೇಸಾಲು

ಹಳೇಸದಸ್ಯರು ಬಂದರೆ ಪಾಠ ಗ್ಯಾರಂಟಿ 😀 ಆದರೆ ಒಪ್ಪುತ್ತೇನೆ. ಚೂರುಗಳು ಯಾವ ದಿಕ್ಕಿಗೆ ಹರಿಯುತ್ತವೆ ಅನ್ನುವುದಕ್ಕೆ ಇಟಾಲಿಯನ್ನಿನಲ್ಲಿ "ಅಂದಮೆಂತೊ" ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನನಗೆ "ಅಂದ ಎಂತೋ" ಅಂತ ಕೇಳಿಸಿತು. ಎಷ್ಟು ಸರಿಯಾಗಿದೆ ನೋಡಿ! ಅದೇ ಬಣ್ಣ, ಅದೇ ಚಿತ್ರ, ಸಾಲು ಬೇರೆ ಮಾಡಿದರೆ ಅಂದವೇ ಬೇರೆ. ಅಡ್ಡ ಸಾಲಿನ ಆಕಾಶ ತೆಪ್ಪಗೆ ಹಿಂದೆ ಕೂರುತ್ತದೆ. ಬಳಸಿದ ಸಾಲಿನ ಆಕಾಶ ಹಕ್ಕಿಗಿಂತ ಮುಂದೆ ಬಂದು ನಿಲ್ಲುತ್ತದೆ.

ಅದಕ್ಕೇ ಆ ಮುಖ್ಯ ಕಲಾವಿದೆಗೆ ತಲೆ ಬಿಸಿ ಆಗಿರಬೇಕು. ಕಿತ್ತ ರೀತಿ ತಪ್ಪು, ಕಾರಣ ತಪ್ಪಲ್ಲ.

ಚೂರುಬಣ್ಣ

ಗಾರೆಕೈ ಸಾರ್, ಅಂಟು ಯಾವುದು ಅಂತ ಗೊತ್ತಿಲ್ಲ. ಬೂದು ಬಣ್ಣದ ಪುಡಿ, ನೀರಿಗೆ ಕಲಸಿ ಹಚ್ಚುವುದು. ಚೀಲದ ಮೇಲಿನ ಬರಹ ಓದಲು ಬರಲಿಲ್ಲ.

ಮೂರನೇಸಾಲು ಅವರೇ, ನೀವು ಹೇಳಿದ್ದು ಚುಚ್ಚಿತು, ಆದರೆ ಯೋಚಿಸುವ ಹಾಗೆ ಮಾಡಿತು.

ಬೆಕ್ಕಿನಮರಿ

ಹೊಸಬಳು. ಒಂದು ಸಣ್ಣ ಪ್ರಶ್ನೆ, ಯಾರೂ ನಗಬೇಡಿ. ಚೂರು ಮಾಡುವುದು ಸುತ್ತಿಗೆಯಲ್ಲಾ, ಇಕ್ಕಳದಲ್ಲಾ?

ಗಾರೆಕೈ

ಗಾಜಿಗೆ ಎರಡು ಚಕ್ರ ಇರುವ ನಿಪ್ಪರ್. ಟೈಲ್ಸಿಗೆ ಮಾಮೂಲಿ ಟೈಲ್ ಇಕ್ಕಳ. ಕಲ್ಲಿಗೆ ಮತ್ತು ದಪ್ಪ ಇಟಾಲಿಯನ್ ಗಾಜಿಗೆ ಸುತ್ತಿಗೆ ಮತ್ತು ಮರದ ದಿಮ್ಮಿಗೆ ನೆಟ್ಟ ಉಳಿ. ಯಾವುದಾದರೂ ಆಗಲಿ, ಕನ್ನಡಕ ಹಾಕಿ. ಚೂರು ಕಣ್ಣಿಗೆ ಹಾರಿದರೆ ಸ್ವಾತಂತ್ರ್ಯದ ಚರ್ಚೆ ಮಾಡಲು ಯಾರೂ ಉಳಿಯುವುದಿಲ್ಲ.

ದೂರದೂರು

ನಾನು ಮೂರು ಸಲ ಹೀಗೆ ಹೋಗಿದ್ದೇನೆ. ಒಂದು ಸಲ ಇದಕ್ಕೆ ತದ್ವಿರುದ್ಧ ಆಯಿತು. ಅಲ್ಲಿ ಮುಖ್ಯಸ್ಥರೇ ಇರಲಿಲ್ಲ. "ಗೋಡೆ ನಿಮ್ಮದು, ಏನು ಬೇಕಾದರೂ ಮಾಡಿ" ಅಂದರು. ಮೊದಲ ದಿನ ಎಲ್ಲರಿಗೂ ಖುಷಿಯೋ ಖುಷಿ. ಮೂರನೇ ದಿನ ಒಬ್ಬರ ಮೀನಿನ ಬಾಲ ಇನ್ನೊಬ್ಬರ ಸೂರ್ಯನ ಹೊಟ್ಟೆಗೆ ಬಂತು. ಐದನೇ ದಿನ ಮಾತು ಬಿಟ್ಟರು. ಕೊನೆಗೆ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಅದಕ್ಕಿಂತ ಘೋರ ಅಂದರೆ ಗ್ರೌಟ್. ನಾವೆಲ್ಲ ಗಾಢ ಬಣ್ಣದಲ್ಲಿ ಕೆಲಸ ಮಾಡಿದ್ದೆವು. ಕೊನೆಯ ದಿನ ನಡೆಸುವವರು ಬಿಳಿ ಗ್ರೌಟ್ ತಂದರು, ಕಮ್ಮಿ ಬೆಲೆಗೆ ಸಿಕ್ಕಿತಂತೆ. ಬಿಳಿ ಗ್ರೌಟ್ ಸಂದಿಗೆ ಇಳಿದರೆ ಕಣ್ಣಿಗೆ ಮೊದಲು ಕಾಣುವುದೇ ಆ ಬಲೆ. ಬಣ್ಣ ಎಲ್ಲ ಪೇಲವ. ಬೂದು ಅಥವಾ ಕಪ್ಪು ಹಾಕಿದ್ದರೆ ಅದೇ ಚೂರು ಉರಿಯುತ್ತಿತ್ತು. ಹತ್ತು ದಿನದ ಸ್ವಾತಂತ್ರ್ಯವನ್ನು ಅರ್ಧ ದಿನದಲ್ಲಿ ಒಂದು ಚೀಲ ಪುಡಿ ನುಂಗಿತು. ಅವತ್ತಿನಿಂದ ನಾನು ಹೋಗುವ ಮೊದಲೇ ಕೇಳುವ ಪ್ರಶ್ನೆ ಒಂದೇ: ಗ್ರೌಟ್ ಬಣ್ಣ ಆರಿಸುವವರು ಯಾರು?

ಮೂರನೇಸಾಲು

ಬಿಳಿ ಗ್ರೌಟ್! ಓದುವಾಗಲೇ ಮೈ ಜುಮ್ ಅಂದಿತು.

ಅಡ್ಡಗೋಡೆ

ದೂರದೂರು ಅವರು ನನ್ನ ಪರವಾಗಿ ಸಾಕ್ಷಿ ಹೇಳಿದ್ದಾರೆ ಅಂತ ದಾಖಲಿಸಿಕೊಳ್ಳಿ.

ದೂರದೂರು

ಇಲ್ಲ ಸಾರ್, ನಿಮ್ಮ ಪರ ಅಲ್ಲ. ಯಜಮಾನ ಇಲ್ಲದ ಮನೆ ಬೇಡ ಅಂದೆ. ಹೇಳದೆ ಕೀಳುವ ಯಜಮಾನ ಬೇಕು ಅನ್ನಲಿಲ್ಲ.

ಕರಿಕೋಟು

ಕಾನೂನಿನ ಕಡೆಯಿಂದ ಎರಡು ಮಾತು. ಕೃತಿಸ್ವಾಮ್ಯದ ಬಗ್ಗೆ ದೇಶಗಳು ಮಾಡಿಕೊಂಡ ಬರ್ನ್ ಒಪ್ಪಂದದಲ್ಲಿ 6 ಬಿಸ್ ಅನ್ನುವ ವಿಧಿ ಇದೆ, 1928ರಲ್ಲಿ ಸೇರಿದ್ದು. ಕೃತಿ ಮಾರಿಬಿಟ್ಟ ಮೇಲೂ ಕಲಾವಿದನಿಗೆ ಎರಡು ಹಕ್ಕು ಉಳಿಯುತ್ತವೆ. ಒಂದು, ಇದು ನನ್ನದು ಅಂತ ಹೇಳಿಕೊಳ್ಳುವುದು. ಎರಡು, ತನ್ನ ಮರ್ಯಾದೆಗೆ ಕುಂದು ಬರುವ ಹಾಗೆ ಅದನ್ನು ತಿರುಚಿದರೆ ತಕರಾರು ಎತ್ತುವುದು. ಫ್ರಾನ್ಸಿನಲ್ಲಿ ಈ ಹಕ್ಕನ್ನು ಸಹಿ ಹಾಕಿ ಬಿಟ್ಟುಕೊಡಲೂ ಬರುವುದಿಲ್ಲ.

ಅಮೆರಿಕದಲ್ಲಿ 1990ರ ಕಾನೂನು ಬೇರೆ ತರ. ಅಲ್ಲಿ ಬರೆದುಕೊಟ್ಟು ಬಿಡಬಹುದು. ಎಚ್ಚರ ಇರಬೇಕಾದದ್ದು ಇಲ್ಲಿ: ಹಲವರು ಸೇರಿ ಮಾಡಿದ ಕೃತಿಯಾದರೆ, ಅವರಲ್ಲಿ ಒಬ್ಬರು ಹಕ್ಕು ಬಿಟ್ಟು ಸಹಿ ಹಾಕಿದರೂ ಎಲ್ಲರ ಹಕ್ಕೂ ಹೋದ ಹಾಗೆ! ಹಾಗಾಗಿ ಅಲ್ಲಿಗೆ ಹೋಗುವವರು ನಿಮ್ಮ ಕಾಗದ ಮಾತ್ರ ಓದಿದರೆ ಸಾಲದು. ಪಕ್ಕದಲ್ಲಿ ಕೂತವರು ಯಾವುದಕ್ಕೆ ಸಹಿ ಹಾಕಿದ್ದಾರೆ ಅಂತಲೂ ಕೇಳಿ.

ಚೂರುಬಣ್ಣ ಅವರ ವಿಷಯದಲ್ಲಿ ಹೇಳುವುದಾದರೆ, ಬೇರೆಯವರ ಸ್ಕೆಚ್ಚಿಗೆ ಚೂರು ಕೂರಿಸಿದವರನ್ನು ಜೊತೆ ಕಲಾವಿದರು ಅಂತ ಯಾವ ಕೋರ್ಟಾದರೂ ಸುಲಭಕ್ಕೆ ಒಪ್ಪುವುದು ಕಷ್ಟ. ಕೋರ್ಟು ಬೇಡ ಬಿಡಿ. ಗೋಡೆಯಲ್ಲಿ ಹೆಸರು ಹಾಕಿದ್ದಾರಾ?

ಚೂರುಬಣ್ಣ

ಫಲಕದ ಕರಡು ನೋಡಿದ್ದೆ. ಮುಖ್ಯ ಕಲಾವಿದೆಯ ಹೆಸರು, ಊರಿನ ಆಡಳಿತದ ಹೆಸರು, ಕೆಳಗೆ "ಮತ್ತು ಸ್ವಯಂಸೇವಕರು".

ನೀಲಿಹಕ್ಕಿ

ಕರೆಯುವಾಗ ಕಲಾವಿದರು, ಫಲಕದಲ್ಲಿ ಸ್ವಯಂಸೇವಕರು. ವಾಹ್. ಸುಮ್ನೆ ಬಿಟ್ಟಿ ಕೂಲಿ ಅನ್ನಿ, ಮುಗಿಯಿತು.

ಹಳೇಸದಸ್ಯ

ಹೆಸರಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಬಾರ್ಸಿಲೋನಾದ ಪಾರ್ಕ್ ಗುವೆಲ್‌ನ ಹಾವಿನಂಥ ಉದ್ದ ಬೆಂಚು ಯಾರದು ಅಂದರೆ ಎಲ್ಲರೂ ವಾಸ್ತುಶಿಲ್ಪಿ ಗೌಡಿ ಅನ್ನುತ್ತಾರೆ. ಬೆಂಚಿನ ಬಳುಕು ಗೌಡಿಯದೇ. ಆದರೆ ಮೇಲೆ ಕೂರಿಸಿದ ಒಡೆದ ಟೈಲ್ಸಿನ ಆಟ ಬಹುಪಾಲು ಅವನ ಜೊತೆಗಾರ ಜೋಸೆಪ್ ಮರಿಯಾ ಜುಜೋಲ್‌ನದು. ಈ ತರದ ಕೆಲಸಕ್ಕೆ ಕತಲಾನ್ ಭಾಷೆಯಲ್ಲಿ ತ್ರೆಂಕದೀಸ್ ಅನ್ನುತ್ತಾರೆ. ಜುಜೋಲ್‌ಗೆ ಸಿಕ್ಕಷ್ಟು ಸ್ವಾತಂತ್ರ್ಯ ಇನ್ಯಾರಿಗೆ ಸಿಕ್ಕಿದೆ? ಸಿಗದೇ ಹೋದದ್ದು ಹೆಸರು. ಪಾರ್ಕ್ ನೋಡಿಬಂದವರಲ್ಲಿ ಹತ್ತು ಜನರನ್ನು ಕೇಳಿ, ಜುಜೋಲ್ ಗೊತ್ತಾ ಅಂತ.

ಪುಟ್ಟಕ್ಕ

ನಾನು ನೋಡಿಬಂದಿದ್ದೇನೆ. ಜುಜೋಲ್ ಗೊತ್ತಿಲ್ಲ. ಹನ್ನೊಂದನೆಯವಳು ಅಂತ ಸೇರಿಸಿಕೊಳ್ಳಿ.

ಅಡ್ಡಗೋಡೆ

ಸ್ವಾತಂತ್ರ್ಯ ಬೇಕಾ, ಹೆಸರು ಬೇಕಾ ಅಂತ ಮೊದಲು ತೀರ್ಮಾನ ಮಾಡಿ. ಎರಡೂ ಬೇಕು ಅಂದರೆ ನಿಮ್ಮದೇ ಗೋಡೆ ಕಟ್ಟಿಕೊಳ್ಳಿ.

ನೀಲಿಹಕ್ಕಿ

ನಿಮ್ಮ ಹೆಸರೇ ಅಡ್ಡಗೋಡೆ. ಮಾತು ಮಾತ್ರ ಒಂದೇ ಕಡೆ ಬೀಳುತ್ತದೆ. ದೀಪ ಸ್ವಲ್ಪ ಈ ಕಡೆಗೂ ಇಡಿ.

ನಿರ್ವಾಹಕ

ಇಬ್ಬರೂ ಸ್ವಲ್ಪ ನಿಧಾನ. ತಮಾಷೆ ಇರಲಿ, ಕಾಲೆಳೆಯುವುದು ಸಾಕು.

ಸಂಪಿಗೆ

ನನಗೆ ಬೇರೆ ಒಂದು ಮಾತು ಹೇಳಬೇಕು ಅನ್ನಿಸುತ್ತಿದೆ. ಇಷ್ಟು ಜನ ಬರೆದಿರಿ, ಆ ಶಾಲೆಯ ಮಕ್ಕಳಿಗೆ ಏನು ಬೇಕಿತ್ತು ಅಂತ ಒಬ್ಬರೂ ಕೇಳಲಿಲ್ಲ. ನಾವು ಒಂಬತ್ತು ದಿನಕ್ಕೆ ಹೋಗುತ್ತೇವೆ, ಫೋಟೋ ತೆಗೆದುಕೊಂಡು ಬರುತ್ತೇವೆ. ಆ ಮಕ್ಕಳು ದಿನಾ ಆ ಗೋಡೆ ಮುಂದೆ ಸಾಲಾಗಿ ನಿಲ್ಲಬೇಕು. ಹೊರಗಿನಿಂದ ಬಂದವರ ಸ್ವಾತಂತ್ರ್ಯ ದೊಡ್ಡದೋ, ಅಲ್ಲೇ ಬದುಕುವವರದ್ದೋ?

ನ್ಯೂಜಿಲೆಂಡಿನ ಕವಾಕವಾ ಊರಿನ ಸಾರ್ವಜನಿಕ ಶೌಚಾಲಯ ನೋಡಿ. 1999ರಲ್ಲಿ ತೆರೆದದ್ದು. ಮಾಡಿದವರು ಹುಂಡರ್ಟ್‌ವಾಸರ್, ಆಸ್ಟ್ರಿಯಾದಿಂದ ಹೋಗಿ ಅಲ್ಲಿ ನೆಲೆ ನಿಂತ ಕಲಾವಿದ. ಟೈಲ್ಸ್ ಮಾಡಿದ್ದು ಅಲ್ಲಿನ ಹೈಸ್ಕೂಲ್ ಮಕ್ಕಳು. ಕಿಟಕಿಗೆ ಗಾಜಿನ ಬಾಟಲಿ. ಇಟ್ಟಿಗೆ ಬಂದದ್ದು ಕೆಡವಿದ ಒಂದು ಬ್ಯಾಂಕ್ ಕಟ್ಟಡದಿಂದ. ಒಂದು ಟೈಲ್ಸೂ ಇನ್ನೊಂದಕ್ಕೆ ನೆಟ್ಟಗೆ ಸೇರುವುದಿಲ್ಲ. ಸೇರಬಾರದು ಅನ್ನುವುದೇ ಆತನ ಹಟ, ನೇರ ಗೆರೆ ಕಂಡರೆ ಆಗದ ಮನುಷ್ಯ. ಅಂಥ ಕಡೆ ಹದಿನಾಲ್ಕು ವರ್ಷದ ಮಗುವಿನ ಸೊಟ್ಟ ಟೈಲ್ಸಿಗೂ ಜಾಗ ಇರುತ್ತದೆ. ಅಡ್ಡ ಸಾಲೇ ಬೇಕು ಅನ್ನುವ ಗೋಡೆಯಲ್ಲಿ ಇರುವುದಿಲ್ಲ.

ದೂರದೂರು

ಸಂಪಿಗೆ ಅವರ ಮಾತು ಸರಿ. ಇಟಲಿಯ ಕಪಾಲ್ಬಿಯೊ ಹತ್ತಿರದ ಟ್ಯಾರೋ ತೋಟವೂ ಹೀಗೇ, ಟ್ಯಾರೋ ಕಾರ್ಡಿನ ಚಿತ್ರಗಳನ್ನು ದೊಡ್ಡ ಶಿಲ್ಪಗಳಾಗಿ ಮಾಡಿದ ತೋಟ. ನಿಕಿ ದ ಸಾಂ ಫಾಲ್ ಅನ್ನುವ ಫ್ರೆಂಚ್ ಮೂಲದ ಕಲಾವಿದೆ 1970ರ ದಶಕದ ಕೊನೆಗೆ ಶುರು ಮಾಡಿ 1998ರಲ್ಲಿ ಜನಕ್ಕೆ ತೆರೆದರು. ಬೇರೆ ದೇಶಕ್ಕೆ ಹೋಗಿ ಮಾಡಿದ ಕೆಲಸ. ಕನ್ನಡಿ ಚೂರು, ಸೆರಾಮಿಕ್ ಕೆಲಸಕ್ಕೆ ಸುತ್ತಮುತ್ತಲಿನವರನ್ನೇ ಸೇರಿಸಿಕೊಂಡು ಕಲಿಸಿದರು. ಕಲ್ಲಿನ ದಾರಿ ಹಾಕಿದ್ದು ಅಲ್ಲಿನ ಒಬ್ಬ ಅಂಚೆಯವ! ಇಪ್ಪತ್ತು ವರ್ಷ ಜೊತೆಗಿದ್ದರೆ ಕೈಗೆ ಸ್ವಾತಂತ್ರ್ಯ ತಾನಾಗಿ ಬರುತ್ತದೆ. ಒಂಬತ್ತು ದಿನದಲ್ಲಿ ಬರುವುದಿಲ್ಲ. ಹೆಸರು ಕಲಿಯುವಷ್ಟರಲ್ಲೇ ಮೂರು ದಿನ ಹೋಗಿರುತ್ತದೆ.

ಗಾರೆಕೈ

ನೀವೆಲ್ಲ ಕಲೆ ಕಲೆ ಅನ್ನುತ್ತಿದ್ದೀರಿ. ಚಳಿಯ ಊರಲ್ಲಿ ಮೊದಲ ಯಜಮಾನ ಹಿಮ. ಒಳಗೋಡೆಗೆ ಹಾಕುವ ಹೊಳಪಿನ ಟೈಲ್ಸ್ ತನ್ನ ತೂಕದ 10%ಗಿಂತ ಜಾಸ್ತಿ ನೀರು ಕುಡಿಯುತ್ತದೆ. ಚಳಿಗಾಲದಲ್ಲಿ ಆ ನೀರು ಒಳಗೇ ಗಡ್ಡೆ ಕಟ್ಟಿ ಉಬ್ಬುತ್ತದೆ. ಮೇಲಿನ ಹೊಳಪು ಈರುಳ್ಳಿ ಸಿಪ್ಪೆ ಹಾಗೆ ಏಳುತ್ತದೆ. ಪೋರ್ಸೆಲಿನ್ ಟೈಲ್ಸ್ 0.5% ಮೀರುವುದಿಲ್ಲ, ಅದು ನಿಲ್ಲುತ್ತದೆ. "ನನಗೆ ಆ ಕೆಂಪೇ ಬೇಕು" ಅಂತ ಹಟ ಮಾಡಿ ಒಳಗಿನ ಟೈಲ್ಸ್ ಹೊರಗೆ ಹಾಕಿದವರನ್ನು ಕಂಡಿದ್ದೇನೆ. ಎರಡು ಚಳಿಗಾಲಕ್ಕೆ ಕೆಂಪು ನೆಲದ ಮೇಲೆ ಬಿದ್ದಿತ್ತು.

ಬಿಳಿ ಅಂಟು (ಪಿವಿಎ) ಹಾಕಿ ಚೂರುಗಳನ್ನು ಬಲೆಬಟ್ಟೆ ಮೇಲೆ ಕೂರಿಸಿ ಅದನ್ನು ಹೊರಗೋಡೆಗೆ ಒತ್ತುವವರಿಗೂ ಇದೇ ಮಾತು. ನೀರು ತಾಗಿದರೆ ಆ ಅಂಟು ಮತ್ತೆ ಮೆತ್ತಗಾಗುತ್ತದೆ. ಅದಕ್ಕೇ ಅಂಟು ಯಾವುದು ಅಂತ ಕೇಳಿದ್ದು. ಹೆಸರು ಇನ್ನೂ ಗೊತ್ತಾಗಿಲ್ಲ.

ಬೆಕ್ಕಿನಮರಿ

ಗಾರೆಕೈ ಸಾರ್‌ಗೆ ಯಾರಾದರೂ ಆ ಅಂಟಿನ ಹೆಸರು ಹೇಳಿಬಿಡಿ ಪಾಪ 😂

ಮಳೆಬಿಲ್ಲು

ಹಲವರು ಸೇರಿ ಮಾಡುವುದಾದರೆ ಗೋಡೆಗಿಂತ ಕಂಬ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ಚಿಲಿ ದೇಶದ ಸಾಂಟಿಯಾಗೊ ಪಕ್ಕದ ಪ್ವೆಂತೆ ಆಲ್ತೊದಲ್ಲಿ ಮೆಟ್ರೋ ಕಂಬಗಳಿಗೆಲ್ಲ ಮೊಸಾಯಿಕ್ ಮಾಡಿದ್ದಾರೆ. ಇಸಿದೋರಾ ಪಾಸ್ ಲೋಪೆಸ್ ಅನ್ನುವವರ ಮುಂದಾಳುತನ. ಕಂಬಕ್ಕೊಂದು ಚಿತ್ರ, ಅಲ್ಲಿನ ಹಕ್ಕಿ, ಹೂವು ಹೀಗೆ. ಕಂಬ ಆದರೆ ಪಕ್ಕದವರ ಸಾಲಿಗೆ ಸೇರಿಸುವ ತಲೆನೋವೇ ಇಲ್ಲ.

ಮೆಟ್ಟಿಲೂ ಅಷ್ಟೇ. ರಿಯೋ ಡಿ ಜನೈರೊದ ಸೆಲರಾನ್ ಮೆಟ್ಟಿಲು, 215 ಇವೆ. ಸೆಲರಾನ್ ಚಿಲಿಯವರು, ಬ್ರೆಜಿಲ್ಲಿಗೆ ಬಂದು ಮನೆ ಮುಂದಿನ ಮೆಟ್ಟಿಲಿಗೆ 1990ರಲ್ಲಿ ಟೈಲ್ಸ್ ಹಾಕಲು ಶುರು ಮಾಡಿದರು. 60ಕ್ಕೂ ಜಾಸ್ತಿ ದೇಶದ ಟೈಲ್ಸ್ ಅಲ್ಲಿವೆ, ಜನರೇ ಕಳಿಸಿಕೊಟ್ಟದ್ದು. 2013ರಲ್ಲಿ ಸಾಯುವವರೆಗೂ ಕಿತ್ತು ಬೇರೆ ಹಾಕುತ್ತಲೇ ಇದ್ದರು.

ಅಡ್ಡಗೋಡೆ

ನೋಡಿ! ಅವರೂ ಕೀಳುತ್ತಿದ್ದರು. ಜನ ಪ್ರೀತಿಯಿಂದ ಕಳಿಸಿದ ಟೈಲ್ಸನ್ನು. ಯಾರೂ ಇಲ್ಲಿ ಬಂದು ಅಳಲಿಲ್ಲ.

ಮಳೆಬಿಲ್ಲು

ಕಳಿಸಿದವರು ಎರಡು ದಿನ ಬೆನ್ನು ಬಗ್ಗಿಸಿ ಅಂಟಿಸಿರಲಿಲ್ಲ ಸಾರ್.

ಕರಿಕೋಟು

ಕೀಳುವ ಮಾತು ಬಂತಲ್ಲ. ವೇಲ್ಸ್‌ನ ನ್ಯೂಪೋರ್ಟಿನಲ್ಲಿ 1978ರ ಒಂದು ಮೊಸಾಯಿಕ್ ಇತ್ತು, ಮತದ ಹಕ್ಕಿಗಾಗಿ ಕೆಲಸಗಾರರು ಎದ್ದ ಚಾರ್ಟಿಸ್ಟ್ ದಂಗೆಯದ್ದು. ಕೆನೆತ್ ಬಡ್ ಮಾಡಿದ್ದು. 35 ಮೀಟರ್ ಉದ್ದ, ಸುಮಾರು 2 ಲಕ್ಷ ಚೂರು. ಅಂಗಡಿ ಸಾಲು ಕಟ್ಟುವ ಸಲುವಾಗಿ 2013ರ ಅಕ್ಟೋಬರಿನಲ್ಲಿ ಒಡೆದುಹಾಕಿದರು. ಊರಿನವರು ಬೀದಿಗೆ ಬಂದು ಕೂಗಾಡಿದರೂ ನಿಲ್ಲಲಿಲ್ಲ. ಒಂದೂವರೆ ಚದರ ಮೀಟರ್ ಆಕಾಶದ ಲೆಕ್ಕ ಎಲ್ಲಿ ಬಂತು.

ಅದೇ ವರ್ಷ ನ್ಯೂಯಾರ್ಕಿನಲ್ಲಿ ಫೈವ್ ಪಾಯಿಂಟ್ಸ್ ಕಟ್ಟಡದ ಗೋಡೆಚಿತ್ರಗಳಿಗೆ ಮಾಲೀಕ ರಾತ್ರೋರಾತ್ರಿ ಸುಣ್ಣ ಬಳಿಸಿದ. ಮೊಸಾಯಿಕ್ ಅಲ್ಲ, ಸ್ಪ್ರೇ ಬಣ್ಣ. ನಾನು ಮೇಲೆ ಹೇಳಿದ 1990ರ ಕಾನೂನು ಹಿಡಿದು ಕಲಾವಿದರು ಕೋರ್ಟಿಗೆ ಹೋದರು. 2018ರಲ್ಲಿ 67.5 ಲಕ್ಷ ಡಾಲರ್ ಪರಿಹಾರ ಅಂತ ತೀರ್ಪಾಯಿತು. ಮಾಲೀಕ ಹೇಳಿಕೇಳಿ, ಸಮಯ ಕೊಟ್ಟು ಮಾಡಿದ್ದರೆ ಇಷ್ಟು ದೊಡ್ಡ ಮೊತ್ತ ಬೀಳುತ್ತಿರಲಿಲ್ಲ. ಕಿತ್ತದ್ದಕ್ಕಿಂತ ಹೇಳದೆ ಕಿತ್ತದ್ದೇ ದುಬಾರಿ ಆಯಿತು.

ಸಂಪಿಗೆ

ಚೂರುಬಣ್ಣ ಅವರೇ, ಒಂದು ಕೇಳಲಾ? ಮೊದಲ ದಿನ ಸಾಲಿನ ಬಗ್ಗೆ ಅವರು ಏನೂ ಹೇಳಿರಲಿಲ್ಲವಾ? ನಿಜ ಹೇಳಿ.

ಚೂರುಬಣ್ಣ

ಇದನ್ನು ಬರೆಯಲೋ ಬೇಡವೋ ಅಂತ ನಿನ್ನೆಯಿಂದ ಯೋಚಿಸುತ್ತಿದ್ದೆ. ಕೇಳಿದಿರಿ, ಹೇಳಿಬಿಡುತ್ತೇನೆ.

ಮೊದಲ ದಿನ ಅವರು ಗೋಡೆ ಮುಂದೆ ನಿಂತು ತಮ್ಮ ಭಾಷೆಯಲ್ಲಿ ಅರ್ಧ ಗಂಟೆ ಮಾತಾಡಿದರು. ಒಬ್ಬ ಹುಡುಗ ಇಂಗ್ಲಿಷಿಗೆ ತಿರುಗಿಸುತ್ತಿದ್ದ, ಅರ್ಧಂಬರ್ಧ. ಸ್ಕೆಚ್ ಮೇಲೆ ಸೀಮೆಸುಣ್ಣದಲ್ಲಿ ಸಣ್ಣ ಸಣ್ಣ ಬಾಣ ಇದ್ದವು. ಆಕಾಶದ ಉದ್ದಕ್ಕೂ ಬಲಗಡೆಗೆ ತೋರಿಸುವ ಬಾಣ. ನಾನು ಅದು ಗಾಳಿಯ ದಿಕ್ಕು ಅಂದುಕೊಂಡೆ. ಗಾಳಿ ಅಂದಮೇಲೆ ರೆಕ್ಕೆಗೆ ಬಡಿದು ಸುಳಿಯಬೇಕಲ್ಲ, ಅದಕ್ಕೇ ಬಳಸಿದೆ. ಮೂರನೇಸಾಲು ಅವರು ಅಂದಮೆಂತೊ ಅಂತ ಬರೆದಾಗ ತಲೆಗೆ ಹೊಳೆಯಿತು. ಅದು ಚೂರು ಹರಿಯುವ ದಿಕ್ಕು. ಕೇಳಬೇಕಿತ್ತು. ಕೇಳಿದರೆ ಏನೂ ಬರದವಳು ಅಂದುಕೊಂಡಾರು ಅಂತ ಸುಮ್ಮನಿದ್ದೆ.

ಮೂರನೇಸಾಲು

😀😀 ಕ್ಷಮಿಸಿ, ನಗು ತಡೆಯಲಾಗಲಿಲ್ಲ. ಆದರೆ ಬಾಣ ನೋಡಿ ಗಾಳಿ ಅಂದುಕೊಂಡವರೇ ಕಲಾವಿದರು ಕಣ್ರೀ.

ಅಡ್ಡಗೋಡೆ

ಇದನ್ನು ಒಪ್ಪಿಕೊಂಡಿರಲ್ಲ, ಅದಕ್ಕೆ ನನ್ನದೊಂದು ನಮಸ್ಕಾರ. ಇಷ್ಟಾದ ಮೇಲೆ ನಾನೂ ಒಂದು ಮೆಟ್ಟಿಲು ಇಳಿಯುತ್ತೇನೆ. ಎರಡು ದಿನ ನೀವು ತಪ್ಪು ಸಾಲಿನಲ್ಲಿ ಕೂರಿಸುತ್ತಿದ್ದಾಗ ಆಕೆ ಎಲ್ಲಿದ್ದರು? ಮೊದಲ ಮಧ್ಯಾಹ್ನವೇ ಬಂದು ನೋಡಬೇಕಿತ್ತು. ಹನ್ನೆರಡು ಜನರ ಕೈಗೆ ಗೋಡೆ ಕೊಟ್ಟು ತಿರುಗಿ ನೋಡದವರು ಮುಖ್ಯಸ್ಥರಾಗಬಾರದು.

ನೀಲಿಹಕ್ಕಿ

ಅಡ್ಡಗೋಡೆ ಸಾರ್ ಇಳಿದರು! ದಿನಾಂಕ ಬರೆದಿಟ್ಟುಕೊಳ್ಳಿ.

ದೂರದೂರು

ಮುಂದಿನ ಸಲಕ್ಕೆ ನಾನು ಮಾಡುವುದು ಹೇಳುತ್ತೇನೆ. ಮೊದಲ ದಿನ ಒಂದು ಅಂಗೈ ಅಗಲ ಕೂರಿಸಿ, ನಿಲ್ಲಿಸಿ, ಮುಖ್ಯಸ್ಥರನ್ನು ಕರೆಯಿರಿ. "ಹೀಗೆ ಹೋಗಲಾ?" ಅಂತ ಕೈಸನ್ನೆ ಮಾಡಿದರೂ ಸಾಕು, ಭಾಷೆ ಬೇಕಿಲ್ಲ. ಹೂಂ ಅಂದ ಮೇಲೆ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ನನ್ನ ಮೂರನೇ ಪ್ರವಾಸ ಹೀಗೇ ಜಗಳ ಇಲ್ಲದೆ ಮುಗಿಯಿತು. ಗ್ರೌಟೂ ಬೂದು ಬಣ್ಣದ್ದೇ ಸಿಕ್ಕಿತು.

ಹಳೇಸದಸ್ಯ

ಆ ಮುಖ್ಯ ಕಲಾವಿದೆಗೆ ಒಂದು ಕಾಗದ ಬರೆಯಿರಿ ಚೂರುಬಣ್ಣ. ಬಾಣದ ಕಥೆ ಹೇಳಿ. ಬೈಯುವುದಕ್ಕಲ್ಲ, ಸುಮ್ಮನೆ.

ಚೂರುಬಣ್ಣ

ಬರೆದೆ. ಬಾಣ, ಗಾಳಿ, ಬಕೆಟ್, ಫಲಕ ಎಲ್ಲ ಬರೆದೆ. ಮೂರು ಸಲ ಅಳಿಸಿ ಬರೆದೆ.

ಚೂರುಬಣ್ಣ

ಆರು ದಿನದ ಮೇಲೆ ಉತ್ತರ ಬಂತು. ನಿಮಗೆಲ್ಲ ಹೇಳಲೇಬೇಕು.

ಹೇಳದೆ ಕಿತ್ತದ್ದಕ್ಕೆ ಕ್ಷಮೆ ಕೇಳಿದ್ದಾರೆ. ಅಂಟು ಗಟ್ಟಿಯಾಗುವ ಮೊದಲು ತೆಗೆಯಬೇಕು ಅನ್ನುವ ಗಡಿಬಿಡಿ ಇತ್ತಂತೆ. ಫಲಕದಲ್ಲಿ ಹನ್ನೆರಡು ಹೆಸರೂ ಹಾಕಿಸಲು ಆಡಳಿತದವರನ್ನು ಕೇಳಿದ್ದಾರಂತೆ. ಅವರು ಇನ್ನೂ ಹೂಂ ಅಂದಿಲ್ಲ. ಬಾಣಕ್ಕೆ ನಗುವ ಮುಖ ಹಾಕಿದ್ದಾರೆ.

ಜೊತೆಗೆ ಒಂದು ಫೋಟೋ. ಎಡಗಡೆ ಹಕ್ಕಿಯ ರೆಕ್ಕೆ ಕೆಳಗೆ, ಎರಡು ಅಂಗೈ ಅಗಲ, ಚೂರುಗಳು ಬಳಸಿಕೊಂಡು ಹೋಗಿವೆ. ಸುತ್ತ ಎಲ್ಲ ಅಡ್ಡ ಸಾಲು. ನಾನು ಮೊದಲ ದಿನ ಕೂರಿಸಿದ್ದು! ಅಷ್ಟು ಹೊತ್ತಿಗೆ ಗಟ್ಟಿಯಾಗಿ ಹೋಗಿತ್ತಂತೆ. ಉಳಿ ಹಾಕಿದರೆ ಗಿಲಾವೇ ಕಿತ್ತು ಬರುತ್ತಿತ್ತು ಅಂತ ಬಿಟ್ಟರಂತೆ. ಶಾಲೆಯ ಮಕ್ಕಳು ಬಂದು ಮೊದಲು ಕೈ ಇಡುವುದು ಅಲ್ಲೇ ಅಂತೆ. ಗ್ರೌಟ್ ಗಾಢ ಬೂದು. ನೀಲಿ ಉರಿಯುತ್ತಿದೆ.

ನೀಲಿಹಕ್ಕಿ

ಅಳು ಬಂತು.

ಪುಟ್ಟಕ್ಕ

ನನಗೂ. ನೆಲದ ವಿಷಯ ಅಂದುಕೊಂಡು ಬಂದವಳು ನಾನು.

ಗಾರೆಕೈ

ಎರಡೇ ದಿನಕ್ಕೆ ಉಳಿಗೂ ಜಗ್ಗದ ಹಾಗೆ ಹಿಡಿದಿದೆ. ಈಗಲಾದರೂ ಆ ಚೀಲದ ಫೋಟೋ ತರಿಸಿ ಹಾಕಿ ಮೇಡಂ.